ಕಾರ್ನ್‌ವಾಲಿಸನಿಗೆ ಸ್ವಂತ ಮಕ್ಕಳಿರಲಿಲ್ಲವೇ?

ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ನಡೆಸಿದ 1792ರ ಶ್ರೀರಂಗಪಟ್ಟಣದ ಮುತ್ತಿಗೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಟಿಪ್ಪುವಿನ ಎಳೆಯ ಮಕ್ಕಳನ್ನು ಒತ್ತೆಯಿಟ್ಟುಕೊಂಡ ಆ ಕಾರ್ನ್‌ವಾಲಿಸನಿಗೆ ಸ್ವಂತ ಮಕ್ಕಳೇ ಇರಲಿಲ್ಲವಾ?"

ಇದ್ದರು. ಮಗಳು ಮೇರಿ, ಮಗ ಚಾರ್ಲ್ಸ್. ಅವರ ಮೇಲೆ ಅವನಿಗೆ ಅಪಾರ ಪ್ರೀತಿಯೂ ಇತ್ತು. ಕರುಳಿಲ್ಲದವನು ಮಾತ್ರ ಇಂಥ ಕೆಲಸ ಮಾಡಬಲ್ಲ ಅಂದುಕೊಂಡು ಕೇಳುವವರಿಗೆ ನನ್ನ ಉತ್ತರ ಹಿಡಿಸುವುದಿಲ್ಲ. ಆದರೂ ಹೇಳಲೇಬೇಕು.

ಚಾರ್ಲ್ಸ್ ಕಾರ್ನ್‌ವಾಲಿಸ್ ಲಂಡನ್ನಿನಲ್ಲಿ ಹುಟ್ಟಿದ್ದು 1738ರ ಕೊನೆಯ ದಿನ. ತಂದೆ ಅರ್ಲ್, ಅಂದರೆ ವಂಶಪಾರಂಪರ್ಯ ಬಿರುದಿನ ಕುಲೀನ. ಇಂಗ್ಲೆಂಡಿನ ಅಂಥ ಮನೆಗಳಲ್ಲಿ ಬಿರುದು, ಜಮೀನು ಹಿರಿಮಗನಿಗೆ ಹೋಗುತ್ತಿದ್ದವು. ಕಿರಿಯರು ಸೈನ್ಯವನ್ನೋ ನೌಕಾಪಡೆಯನ್ನೋ ಚರ್ಚನ್ನೋ ಹಿಡಿಯುತ್ತಿದ್ದರು. ಇವನ ಒಬ್ಬ ಚಿಕ್ಕಪ್ಪ ಫ್ರೆಡರಿಕ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, ತಮ್ಮ ವಿಲಿಯಂ ಅಡ್ಮಿರಲ್ ಆದ, ಇನ್ನೊಬ್ಬ ತಮ್ಮ ಜೇಮ್ಸ್ ಬಿಷಪ್. ಹಿರಿಯನಾದ ಇವನು ಹದಿಹರೆಯದಲ್ಲೇ ಸೈನ್ಯ ಸೇರಿ, 1762ರಲ್ಲಿ ತಂದೆ ತೀರಿಕೊಂಡಾಗ ಅರ್ಲ್ ಪದವಿಗೇರಿದ.

1768ರಲ್ಲಿ ಜೆಮೈಮಾ ಜೋನ್ಸಳನ್ನು ಮದುವೆಯಾದ. ಅವಳು ಒಬ್ಬ ಸೇನಾಧಿಕಾರಿಯ ಮಗಳು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಗಂಡ ಹೋಗುವುದು ಅವಳಿಗೆ ಬೇಕಿರಲಿಲ್ಲ ಎನ್ನುತ್ತಾರೆ. ಅವಳ ಕಾಯಿಲೆಯ ಸುದ್ದಿ ಕೇಳಿ 1778ರ ಕೊನೆಗೆ ಊರಿಗೆ ಧಾವಿಸಿದ. ಮರುವರ್ಷ ಅವಳು ಕಣ್ಣುಮುಚ್ಚಿದಳು. ಈ ಲೋಕದಲ್ಲಿ ಸುಖದ ಆಸೆಯೆಲ್ಲ ಮುಗಿಯಿತೆಂದು ಬರೆದ ಅವನು ಮತ್ತೆ ಮದುವೆಯಾಗಲೇ ಇಲ್ಲ. ತಾಯಿಲ್ಲದ ಇಬ್ಬರು ಮಕ್ಕಳನ್ನು ಬಿಟ್ಟು ಅಮೆರಿಕದ ರಣರಂಗಕ್ಕೆ ಮರಳಿದ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅವನ ಸೇನೆ ಶರಣಾಯಿತು. ಆಗ ಮಗನಿಗೆ ಏಳು ವರ್ಷ.

1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದವನು ಮಗನಿಗೆ ಬರೆದ ಪತ್ರವೊಂದಿದೆ. ತನಗೆ ದೊಡ್ಡ ಬಿರುದು ಸಿಕ್ಕಿದೆ, ಈ ಡೊಳ್ಳುಹೊಟ್ಟೆಯ ಮೇಲೆ ಆ ಬಿರುದಿನ ನೀಲಿ ಪಟ್ಟಿ ತೊಟ್ಟಿದ್ದು ನೋಡಿ ನೀನು ನಗಬಹುದು, ಆದರೆ ನಾನಾಗಿ ಅದನ್ನು ಕೇಳಿದವನಲ್ಲ ಎನ್ನುತ್ತಾನೆ. ದೇಶಕ್ಕೂ ಮನುಕುಲಕ್ಕೂ ಸೇವೆ ಮಾಡಿ ಹೆಸರು ಉಳಿಸುವುದೇ ಮನುಷ್ಯ ಬಯಸಬೇಕಾದ್ದು ಎಂದು ಹುಡುಗನಿಗೆ ಬುದ್ಧಿ ಹೇಳುತ್ತಾನೆ. ಓದಿದಾಗ ನನಗೆ ಆ ತಂದೆ ಇಷ್ಟವಾಗುತ್ತಾನೆ.

ಅದೇ ತಂದೆ 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದ. ಮರುವರ್ಷದ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಗೋಡೆಯ ಬಳಿ ನಿಂತು ಷರತ್ತು ಹಾಕಿದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಷರತ್ತು ಪೂರೈಸುವ ತನಕ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ. ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಬ್ರಿಟಿಷ್ ಶಿಬಿರಕ್ಕೆ ಬಂದರು. ಇಂದು ಬೆಳಗಿನವರೆಗೆ ಇವರು ಸುಲ್ತಾನರ ಮಕ್ಕಳು, ಇನ್ನು ತಮ್ಮನ್ನೇ ತಂದೆಯೆಂದು ಭಾವಿಸಬೇಕು ಎಂದು ಕಾರ್ನ್‌ವಾಲಿಸನಿಗೆ ಹೇಳಿದ ಟಿಪ್ಪುವಿನ ವಕೀಲ, ಅಂದರೆ ರಾಯಭಾರಿ. ಕಾರ್ನ್‌ವಾಲಿಸ್ ಮಕ್ಕಳನ್ನು ಅಪ್ಪಿಕೊಂಡ, ಇಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟ.

ಆ ಅಪ್ಪುಗೆ ನಟನೆ ಎಂದು ನಾನು ನಂಬುವುದಿಲ್ಲ. ನಿಜವಾದ ಅಕ್ಕರೆಯಿಂದಲೇ ಅಪ್ಪಿಕೊಂಡಿರಬೇಕು. ಹಾಗೆಂದು ಅದರಿಂದ ಅನ್ಯಾಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮಕ್ಕಳನ್ನು ಅಗಲಿ ಬದುಕುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಟಿಪ್ಪುವನ್ನು ಕಟ್ಟಿಹಾಕಲು ಬೇರೆ ಯಾವ ಹಗ್ಗಕ್ಕೂ ಅಷ್ಟು ಬಲವಿಲ್ಲ ಎಂಬುದೂ ಗೊತ್ತಿತ್ತು. ನನಗೆ ಹೆಚ್ಚು ನೋವಾಗುವುದು ಆಮೇಲೆ ನಡೆದದ್ದನ್ನು ನೋಡಿದಾಗ. ರಾಬರ್ಟ್ ಹೋಮ್, ಮೇಥರ್ ಬ್ರೌನ್ ಮೊದಲಾದ ಚಿತ್ರಕಾರರು ಆ ದೃಶ್ಯವನ್ನು ಬರೆದರು, ಅದು ಕಾರ್ನ್‌ವಾಲಿಸನ ಕರುಣೆಯ ಚಿತ್ರವಾಗಿ ಹೆಸರಾಯಿತು. ಮಕ್ಕಳನ್ನು ಕಳಿಸಿಕೊಟ್ಟ ತಂದೆಯ ಸಂಕಟಕ್ಕೆ ಆ ಚಿತ್ರಗಳಲ್ಲಿ ಜಾಗವಿರಲಿಲ್ಲ.

ಒತ್ತೆಯಾಗಿದ್ದ ಮಕ್ಕಳು ಮದರಾಸಿನಿಂದ 1794ರಲ್ಲಿ ಹಿಂದಿರುಗಿ ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು. ಅರ್ಲ್‌ಗಿಂತ ಮೇಲಿನ ಮಾರ್ಕ್ವಿಸ್ ಪದವಿ ಪಡೆದ ಕಾರ್ನ್‌ವಾಲಿಸ್ ಅಷ್ಟರಲ್ಲಿ ಇಂಗ್ಲೆಂಡಿಗೆ ಮರಳಿಯಾಗಿತ್ತು.

ಅವನ ವಂಶ ಈಗಲೂ ಇದೆಯೇ ಎಂದೂ ಕೆಲವರು ಕೇಳುತ್ತಾರೆ. 1805ರಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದವನು ಕೆಲವೇ ತಿಂಗಳಲ್ಲಿ ಗಾಜಿಪುರದಲ್ಲಿ ತೀರಿಕೊಂಡ, ಅವನ ಸಮಾಧಿಯೂ ಅಲ್ಲೇ ಇದೆ. ಮಗ ಚಾರ್ಲ್ಸನಿಗೆ ಐವರು ಹೆಣ್ಣುಮಕ್ಕಳು. ಬಿರುದು ಗಂಡುಸಂತಾನಕ್ಕೆ ಮಾತ್ರ ಸಲ್ಲುತ್ತಿದ್ದರಿಂದ 1823ರಲ್ಲಿ ಅವನೊಂದಿಗೆ ಮಾರ್ಕ್ವಿಸ್ ಪದವಿ ಮುಗಿಯಿತು. ಅರ್ಲ್ ಪದವಿ ಬಿಷಪ್ ಜೇಮ್ಸನಿಗೆ, ಅವನ ನಂತರ ಅವನ ಮಗನಿಗೆ ಹೋಗಿ 1852ರಲ್ಲಿ ಅದೂ ಮುಗಿಯಿತು. ಹೆಣ್ಣುಮಕ್ಕಳ ಕಡೆಯಿಂದ ಸಂತತಿ ಮುಂದುವರಿಯಿತು, ಬೇರೆ ಮನೆತನಗಳ ಹೆಸರಿನಲ್ಲಿ.