ಸೀಟ್ ಇಳಿಸಿದೆ, ಸ್ಟ್ಯಾಂಡ್ ಮುನಿಸಿಕೊಂಡಿತು

ಕೊನೆಗೂ ನನ್ನ ಹಿಮಾಲಯನ್ ಬೈಕ್ ವಾಲಿಕೊಂಡು ನಿಂತಿತು. ಇಷ್ಟು ದಿನ ನೆಟ್ಟಗೆ ನಿಲ್ಲುವುದೇ ಅದರ ರೋಗವಾಗಿತ್ತು. ಇವತ್ತು ಸೈಡ್ ಸ್ಟ್ಯಾಂಡ್ ಹಾಕಿ ಕೈ ಬಿಟ್ಟರೆ ಎಷ್ಟು ವಾಲಬೇಕೋ ಅಷ್ಟೇ ವಾಲಿತು. ಆ ಖುಷಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಆರಿಸಿದ ಪುರಾಣವನ್ನು ಬೇಗ ಮುಗಿಸುತ್ತೇನೆ. ನನ್ನ ಎತ್ತರ 5 ಅಡಿ 3 ಇಂಚು. ತೊಡೆಸಂದಿಯಿಂದ ಹಿಮ್ಮಡಿವರೆಗಿನ ಅಳತೆ 72 ಸೆಂಟಿಮೀಟರ್. ಮನೆಯಲ್ಲಿ ಉಳಿದವರೆಲ್ಲ ಆರಡಿ ಆಸುಪಾಸು, ಹಾಗಾಗಿ ಸಲಹೆಗೇನೂ ಬರವಿರಲಿಲ್ಲ. ಕುಳ್ಳನಿಗೆ ಸೂಪರ್ ಮೀಟಿಯರ್ 650 ಅಂತ ಎಲ್ಲರೂ ಮೊದಲೇ ತೀರ್ಮಾನಿಸಿದ್ದರು. ಸೀಟ್ 740 ಎಂಎಂ, ಕೂತರೆ ಪಾದ ಪೂರ್ತಿ ನೆಲಕ್ಕೆ. ಆದರೆ ತೂಕ 241 ಕೆಜಿ, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ, 135 ಎಂಎಂ. ನಾಪೋಕ್ಲು ಕಡೆಯಿಂದ ನಮ್ಮ ಮನೆಗೆ ಇಳಿಯುವ ತೋಟದ ದಾರಿಯಲ್ಲಿ ಮಳೆನೀರು ತಿರುಗಿಸಲು ಅಡ್ಡಡ್ಡ ದಿಬ್ಬ ಹಾಕಿದ್ದಾರೆ. ಅದರ ಮೇಲೆ ಈ ಗಾಡಿ ಹೊಟ್ಟೆ ಊರಿ ಕೂರುತ್ತದೆ. ಪಾದ ಎಷ್ಟೇ ಊರಿದರೂ 241 ಕೆಜಿಯನ್ನು ಏರಿಗೆ ಹಿಂದಕ್ಕೆ ತಳ್ಳುವುದು ನನ್ನಿಂದಾಗುವ ಕೆಲಸ ಅಲ್ಲ. ಇಂಟರ್‌ಸೆಪ್ಟರ್ ಬೈಕಿಗೆ ಮನಸ್ಸು ಎಳೆಯಿತು, ತೋಟದ ದಾರಿ ಬೇಡ ಅಂದಿತು. ವರ್ಸಿಸ್ 650ರ ಸೀಟ್ 845 ಎಂಎಂ. ಅದನ್ನು ಸುಮ್ನೆ ಮುಟ್ಟಿ ನೋಡಿ ಬಂದೆ.

ಉಳಿದದ್ದು ಹಿಮಾಲಯನ್ 450. ತೂಕ 196 ಕೆಜಿ, ಕ್ಲಿಯರೆನ್ಸ್ 230 ಎಂಎಂ. ಸೀಟ್ 825, ಕಂಪನಿಯ ಲೋ ಸೀಟ್ ಹಾಕಿದರೆ 805. ಆ ಸೀಟ್ ಹಾಕಿಸಿಕೊಂಡೇ ಮನೆಗೆ ತಂದೆ.

ಬ್ರೋಷರ್‌ನಲ್ಲಿ ಬರೆಯುವ ಸೀಟ್ ಎತ್ತರ ಸಮತಟ್ಟು ನೆಲದ ಲೆಕ್ಕ. ಕೊಡಗಿನಲ್ಲಿ ಸಮತಟ್ಟು ನೆಲ ಅಂತ ಇರುವುದು ಕಾಫಿ ಕಣ ಮತ್ತು ಹಾಕಿ ಮೈದಾನ, ಅಷ್ಟೇ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ತಿರುವಿನಲ್ಲಿ ಎದುರಿಗೆ ಬಸ್ ಬಂತು ಅಂತಿಟ್ಟುಕೊಳ್ಳಿ. ಎಡಕ್ಕೆ ಒತ್ತಿ ನಿಲ್ಲಿಸುತ್ತೀರಿ. ಎಡಗಾಲು ಇಡಬೇಕಾದ ಜಾಗದಲ್ಲಿ ಟಾರು ಮುಗಿದು ಚರಂಡಿ ಶುರುವಾಗಿರುತ್ತದೆ. 805 ಅಲ್ಲೇ 855 ಆಗಿಬಿಡುತ್ತದೆ. ಸಾಲದ್ದಕ್ಕೆ ನನ್ನ ತೂಕ 58 ಕೆಜಿ. ಕುಳ್ಳಗಿದ್ದು ಹಗುರವೂ ಆಗಿದ್ದರೆ ಎರಡು ಕಡೆಯಿಂದ ಏಟು. ದಪ್ಪ ಆಸಾಮಿ ಕೂತರೆ ಹಿಂದಿನ ಶಾಕ್ ತಾನಾಗೇ ತಗ್ಗಿ ನೆಲ ಹತ್ತಿರ ಬರುತ್ತದೆ. ನಾನು ಕೂತರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ರಿಲೋಡ್, ಅಂದರೆ ಶಾಕ್ ಸ್ಪ್ರಿಂಗಿನ ಬಿಗಿತ, ಪೂರ್ತಿ ಕಡಿಮೆ ಮಾಡಿದೆ, ಸ್ವಲ್ಪ ಉಪಯೋಗವಾಯಿತು. ಗೋಣಿಕೊಪ್ಪದಲ್ಲಿ ಜೀಪ್ ಸೀಟ್ ಹೊಲಿಯುವ ಅಂಗಡಿಯಲ್ಲಿ ಸೀಟಿನ ಮುಂಭಾಗದ ಫೋಮನ್ನು ಎರಡೂ ಬದಿ ಕೆರೆಸಿದೆ. ಇದು ನಿಜಕ್ಕೂ ಕೆಲಸ ಮಾಡಿತು. ಸೀಟ್ ಎಷ್ಟು ಎತ್ತರ ಅನ್ನೋದಕ್ಕಿಂತ ತೊಡೆ ಇಳಿಯುವ ಜಾಗದಲ್ಲಿ ಎಷ್ಟು ಅಗಲ ಅನ್ನೋದೇ ಮುಖ್ಯ. ಆದರೂ ಚರಂಡಿ ಪಕ್ಕದಲ್ಲಿ ಇನ್ನೊಂದು ಇಂಚು ಬೇಕಿತ್ತು. ಹಾಗಾಗಿ ಲೋವರಿಂಗ್ ಲಿಂಕ್, ಅಂದರೆ ಹಿಂದಿನ ಶಾಕ್ ಜೋಡಣೆಯಲ್ಲಿ ಬದಲಿಸಿ ಹಾಕಿ ಗಾಡಿಯನ್ನು ತಗ್ಗಿಸುವ ತುಂಡು.

ಲಿಂಕ್ ಕಳಿಸಿದ ಬೆಂಗಳೂರಿನ ಮಹಾಶಯನ ಬಗ್ಗೆ ಎರಡು ಮಾತು. ಮಡಿಕೇರಿ ವಿಳಾಸ ಕೊಟ್ಟರೆ ಪಾರ್ಸೆಲ್ ಕುಶಾಲನಗರದಲ್ಲೇ ಕೂತಿತು. ಹೋಗಿ ತಂದೆ. ಬಿಚ್ಚಿದರೆ ಒಳಗೆ ಬೇರೆ ಗಾಡಿಯ ಲಿಂಕ್. ಫೋನ್ ಮಾಡಿದರೆ, "ಸಾರ್, ಅದು ಯೂನಿವರ್ಸಲ್, ಸ್ವಲ್ಪ ಫೈಲ್ ಮಾಡ್ಕೊಳ್ಳಿ" ಅನ್ನುತ್ತಾನೆ. ಹಿಂದಿನ ಚಕ್ರದ ಭಾರ ಹೊರುವ ಭಾಗವನ್ನು ಅರ ಹಿಡಿದು ಉಜ್ಜಬೇಕಂತೆ! ಜಗಳವಾಡಿ ವಾಪಸ್ ಕಳಿಸಿದೆ. ಸರಿಯಾದದ್ದು ಬಂದಾಗ ಬೋಲ್ಟ್ ಇರಲಿಲ್ಲ. ಇರಲಿ.

ಲಿಂಕ್ ಕೂರಿಸುವ ಕೆಲಸ ನಿಮಗೆಲ್ಲ ಗೊತ್ತು. ಹಿಂದೆ 25 ಎಂಎಂ ಇಳಿಯಿತು. ಮುಂಭಾಗವೂ ಇಳಿಯಲಿ ಅಂತ ಮುಂದಿನ ಫೋರ್ಕನ್ನು (ಮುಂಚಕ್ರ ಹಿಡಿದಿರುವ ಎರಡು ಕಾಲು) ಕ್ಲ್ಯಾಂಪಿನಲ್ಲಿ 10 ಎಂಎಂ ಮೇಲಕ್ಕೆ ಜಾರಿಸಿದೆ. ಕೂತು ನೋಡಿದರೆ ಎರಡೂ ಪಾದದ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ಊರುತ್ತಿದೆ. ಸ್ವರ್ಗಕ್ಕೆ ಮೂರೇ ಗೇಣು! ಇಳಿದು ಸ್ಟ್ಯಾಂಡ್ ಹಾಕಿದೆ. ಗಾಡಿ ಪರೇಡಿಗೆ ಬಂದ ಸಿಪಾಯಿಯ ಹಾಗೆ ಸೆಟೆದು ನಿಂತಿತು.

ಗಾಡಿ ಇಳಿಯಿತು, ಸ್ಟ್ಯಾಂಡ್ ಇಳಿಯಲಿಲ್ಲ. ಹಳೆಯ ಉದ್ದದ ಸ್ಟ್ಯಾಂಡ್ ಈಗ ಗಾಡಿಯನ್ನು ಬಲಕ್ಕೆ ದೂಡುತ್ತದೆ. ರಸ್ತೆ ಎಡಕ್ಕೆ ಇಳಿಜಾರಿದ್ದರೆ ಪರವಾಗಿಲ್ಲ. ಬಲಕ್ಕೆ ಒಂಚೂರು ಇಳಿಜಾರಿದ್ದರೆ ಮುಗಿಯಿತು. ಮಡಿಕೇರಿ ಮಾರ್ಕೆಟ್ ಹತ್ತಿರ ಅದೇ ಆಯಿತು. ಅಂಗಡಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದೆ, ಹಿಂದಿನಿಂದ ಸದ್ದು. ಪುಣ್ಯಕ್ಕೆ ನಿಂತಿದ್ದ ಪಿಕಪ್‌ನ ಟೈರಿಗೆ ಒರಗಿತ್ತು. ಬ್ರೇಕ್ ಲಿವರ್ ಬಾಗಿತು, ಒಂದು ಕನ್ನಡಿ ಹೋಯಿತು. "ಚಿಕ್ಕ ಗಾಡಿ ತಗೋಬಾರದಿತ್ತಾ" ಅಂತ ಹೇಳಲು ನಾಲ್ಕು ಜನ ಸೇರಿದರು. ಎತ್ತಲು ಒಬ್ಬ ಬಂದ.

ಸ್ಟ್ಯಾಂಡ್ ಕತ್ತರಿಸಬೇಕು, ಸರಿ. ಎಷ್ಟು ಕತ್ತರಿಸಬೇಕು? ನನ್ನ ತಲೆ ತಿಂದದ್ದು ಇದೇ ಪ್ರಶ್ನೆ. ಜಾಸ್ತಿ ಕತ್ತರಿಸಿದರೆ ಗಾಡಿ ಎಡಕ್ಕೆ ಅತಿಯಾಗಿ ವಾಲುತ್ತದೆ, ನನ್ನಂಥವನಿಗೆ ಸ್ಟ್ಯಾಂಡಿನಿಂದ ಎತ್ತಿ ನೇರ ಮಾಡಲು ಆಗುವುದಿಲ್ಲ. ಕೇಳಿದವರೆಲ್ಲ "ಒಂದಿಂಚು ತೆಗಿ" ಅಂದರು. ಯಾರೂ ಅಳೆದು ಹೇಳಿದ್ದಲ್ಲ. ಸ್ಟ್ಯಾಂಡ್ ಕೋನದಲ್ಲಿ ನಿಲ್ಲುವುದರಿಂದ ಗಾಡಿ ಇಳಿದಷ್ಟೇ ಎಂಎಂ ಸ್ಟ್ಯಾಂಡಿನಿಂದ ತೆಗೆದರೆ ಲೆಕ್ಕ ಕೂಡುವುದಿಲ್ಲ. ಕಾಗದದ ಮೇಲೆ ತ್ರಿಕೋನ ಬರೆದೆ. ಒಂದೊಂದು ಸಲ ಒಂದೊಂದು ಉತ್ತರ ಬಂತು.

ಪರಿಹಾರ ಸಿಕ್ಕಿದ್ದು ಶೆಡ್‌ನಲ್ಲಿ. ಅಲ್ಲಿ ಸಿಲ್ವರ್ ಓಕ್ ಹಲಗೆಗಳ ರಾಶಿ ಇದೆ. ಆ ರಾಶಿಯ ಹಿಂದೆ ಗೋಣಿಚೀಲ ಹೊದ್ದು ಅಜ್ಜನ ಯೆಜ್ಡಿ ರೋಡ್‌ಕಿಂಗ್ ಮಲಗಿದೆ. ಮುಂದಿನ ಪ್ರಾಜೆಕ್ಟ್ ಅದೇ, ಈಗಲೇ ಹೇಳಿಬಿಡುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, 250 ಸಿಸಿ ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಹಾಗೇ ಬಿಟ್ಟರೆ ಗೇರ್. ಇಂಥ ಬುದ್ಧಿ ಇದ್ದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹೊಟ್ಟೆ ಉರಿಯುತ್ತದೆ. ಎಂಜಿನ್ ಜಾಮ್ ಆಗಿದೆಯಾ ಅಂತ ನೋಡಲು ಸ್ಪಾರ್ಕ್ ಪ್ಲಗ್ ತೆಗೆದು ಎಣ್ಣೆ ಬಿಟ್ಟು ಬಂದೆ. ಸೀಟ್ ಎತ್ತರ? ನನಗೆ ಹೇಳಿ ಮಾಡಿಸಿದ ಹಾಗಿದೆ.

ಹಲಗೆಗೆ ಬರೋಣ. ಸ್ಟ್ಯಾಂಡನ್ನು ಕತ್ತರಿಸದೆ ಕತ್ತರಿಸಿದ ಹಾಗೆ ನೋಡುವ ದಾರಿ ಇದೆ. ಎರಡೂ ಚಕ್ರಗಳ ಕೆಳಗೆ ಒಂದೇ ದಪ್ಪದ ಹಲಗೆ ಇಡಿ, ಸ್ಟ್ಯಾಂಡ್ ಮಾತ್ರ ನೆಲದ ಮೇಲಿರಲಿ. ಗಾಡಿ ಎತ್ತರವಾಯಿತು, ಅಂದರೆ ಸ್ಟ್ಯಾಂಡ್ ಗಿಡ್ಡವಾಯಿತು. ಗಾಡಿಯನ್ನು ಕಾಫಿ ಕಣಕ್ಕೆ ತಂದೆ. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ ಹರಡಿರುತ್ತಾರೆ, ಅಪ್ಪ ಕಾಲಿಡಲೂ ಬಿಡುವುದಿಲ್ಲ. ಮೊಬೈಲಿನ ಲೆವೆಲ್ ಆ್ಯಪ್ ತೆರೆದು ಹಿಂದಿನ ಬ್ರೇಕ್ ಡಿಸ್ಕಿಗೆ ಒತ್ತಿ ಹಿಡಿದೆ. ಲಿಂಕ್ ಹಾಕುವ ಮುಂಚೆ ವಾಲುವ ಕೋನ 12 ಡಿಗ್ರಿ ಅಂತ ಬರೆದಿಟ್ಟಿದ್ದೆ, ಈಗ 8. ತೆಳ್ಳಗಿನ ಹಲಗೆಯಿಂದ ಶುರು ಮಾಡಿ ದಪ್ಪ ಮಾಡುತ್ತ ಹೋದೆ. 18 ಎಂಎಂ ಹಲಗೆಗೆ ಮತ್ತೆ 12 ಬಂತು. ಸ್ಟ್ಯಾಂಡಿನ ಕಾಲು ಓರೆಯಾಗಿ ನಿಲ್ಲುವುದರಿಂದ ಅದರ ಉದ್ದದಲ್ಲಿ ತೆಗೆಯಬೇಕಾದದ್ದು ಇನ್ನೂ ಸ್ವಲ್ಪ ಜಾಸ್ತಿ, 20 ಎಂಎಂ. ಕಟಿಂಗ್ ಡಿಸ್ಕ್ ತಿನ್ನುವ ಒಂದು ಎಂಎಂ ಕೂಡ ಆ 20ರ ಒಳಗೇ ಬರಬೇಕು. ಕೆಸರಿನಲ್ಲಿ ಹೂತುಹೋಗದಿರಲಿ ಅಂತ ಸ್ಟ್ಯಾಂಡಿನ ಪಾದಕ್ಕೆ ಅಗಲದ ಪ್ಲೇಟ್ ಹಾಕುವವರು ಅದನ್ನು ಹಾಕಿಯೇ ಅಳೆಯಿರಿ. 5 ಎಂಎಂ ಪ್ಲೇಟ್ ಒಂದು ಡಿಗ್ರಿಯನ್ನು ನುಂಗುತ್ತದೆ.

ಒರಿಜಿನಲ್ ಸ್ಟ್ಯಾಂಡ್ ಮುಟ್ಟಲಿಲ್ಲ. ಇನ್ನೊಂದು ತರಿಸಿ ಅದನ್ನು ಕತ್ತರಿಸಿದ್ದು. ನಾಳೆ ಗಾಡಿ ಮಾರಬೇಕಾದರೆ ಲಿಂಕ್ ಬಿಚ್ಚಿ ಹಳೆಯ ಸ್ಟ್ಯಾಂಡ್ ಹಾಕಿ ಕೊಡಬಹುದು. ಅಂದ ಹಾಗೆ, ಇಂಥ ಕೆಲಸಕ್ಕೆ ಕೈ ಹಾಕುವ ಮುಂಚೆ ಇನ್ಶುರೆನ್ಸ್ ಕಾಗದವನ್ನೂ ಗಾಡಿ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಒಮ್ಮೆ ಓದಿಕೊಳ್ಳಿ.

ವೆಲ್ಡಿಂಗ್ ಮಾಡಿದ್ದು ತೋಟದ ಗೇಟು, ಏಣಿ ಮಾಡುವ ಅಣ್ಣ. "ಗಾಡಿಯಲ್ಲೇ ಇಟ್ಟು ಹೊಡೆದುಬಿಡೋಣ" ಅಂದ. ಬೇಡ ಅಂದೆ. ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಇರುವ ಗಾಡಿಯ ಮೇಲೆ ವೆಲ್ಡಿಂಗ್ ಕರೆಂಟ್ ಹರಿಸುವ ಧೈರ್ಯ ನನಗಿಲ್ಲ. ಕತ್ತರಿಸುವ ಮುಂಚೆ ಹ್ಯಾಕ್ಸಾ ಬ್ಲೇಡಿನಿಂದ ಸ್ಟ್ಯಾಂಡಿನ ಉದ್ದಕ್ಕೂ ಒಂದು ಗೀರು ಎಳೆದೆವು. ನಡುವಿನ 20 ಎಂಎಂ ತೆಗೆದು ತುಂಡುಗಳನ್ನು ಮತ್ತೆ ಜೋಡಿಸುವಾಗ ಎರಡು ಗೀರು ಕೂಡಿದರೆ ಪಾದ ತಿರುಚಿಲ್ಲ ಅಂತ ಅರ್ಥ. ಮೊದಲ ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಹಾಕಿದಾಗ ಗೀರು ಕೂದಲಷ್ಟು ಆಚೆ ಹೋಗಿತ್ತು. ಅಣ್ಣ ಏನೂ ಹೇಳದೆ ಸುತ್ತಿಗೆಯಿಂದ ಒಂದು ಕೊಟ್ಟು ಟ್ಯಾಕ್ ಬಿಡಿಸಿ ಮತ್ತೆ ಹಿಡಿದ. ಅಂಚುಗಳನ್ನು ಗ್ರೈಂಡರಿನಲ್ಲಿ ಓರೆ ಮಾಡಿದ್ದರಿಂದ ವೆಲ್ಡ್ ಆಳಕ್ಕೆ ಇಳಿಯಿತು. ಪಾದದ ಕೋನ ಬದಲಿಸಬೇಕಾಗಲಿಲ್ಲ. ವಾಲುವಿಕೆ ಮೊದಲಿನಷ್ಟೇ ಆದರೆ ಪಾದವೂ ಮೊದಲಿನ ಹಾಗೇ ನೆಲಕ್ಕೆ ಕೂರುತ್ತದೆ. ಕೂಲಿ ಕೇಳಿದರೆ, "ಮೊದಲು ಬೀಳದೆ ನಿಲ್ಲಲಿ, ಆಮೇಲೆ ಕೊಡಿ" ಅಂದ.

ಸ್ಪ್ರಿಂಗ್ ಸಿಕ್ಕಿಸುವುದು ಬೇರೆಯೇ ಯುದ್ಧ. ಸುರುಳಿಗಳ ನಡುವೆ ವಾಷರ್ ತೂರಿಸಿ ಉದ್ದ ಮಾಡಿ, ಸಿಕ್ಕಿಸಿದ ಮೇಲೆ ವಾಷರ್ ಕೀಳುವ ಉಪಾಯ ಗೊತ್ತಿಲ್ಲದವರು ಕಲಿತುಕೊಳ್ಳಿ, ಬೆರಳು ಉಳಿಯುತ್ತದೆ. ಆಮೇಲೆ, ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲಿಸುವ ಸ್ಟ್ಯಾಂಡ್ ಸ್ವಿಚ್ ಸರಿಯಾಗಿ ಕೂರದೆ ಗೇರ್ ಹಾಕಿದ ತಕ್ಷಣ ಎಂಜಿನ್ ಆಫ್ ಆಗುತ್ತಿತ್ತು. ಬೋಲ್ಟ್ ಸಡಿಲಿಸಿ ಸ್ವಿಚ್ ಸರಿಸಿದೆ, ಸರಿಹೋಯಿತು.

ಇವತ್ತು ಮಡಿಕೇರಿಯ ಅದೇ ಇಳಿಜಾರಿನಲ್ಲಿ ಬೇಕೆಂದೇ ನಿಲ್ಲಿಸಿ ಚಹಾ ಕುಡಿದು ಬಂದೆ. ಅಲ್ಲಾಡಲಿಲ್ಲ. ವೆಲ್ಡಿಂಗ್ ಅಣ್ಣನ ದುಡ್ಡು ಸಂದಾಯವಾಯಿತು.

ಬಾಕಿ ಇರುವುದು ಹೆಡ್‌ಲೈಟ್. ಗಾಡಿಯ ಹಿಂಭಾಗ ಇಳಿದದ್ದರಿಂದ ಬೆಳಕು ಮೇಲೆದ್ದಿದೆ, ರಾತ್ರಿ ಎದುರು ಬರುವವರೆಲ್ಲ ಡಿಮ್ ಡಿಪ್ ಮಾಡಿ ಬೈಯುತ್ತಿದ್ದಾರೆ. ಅದನ್ನು ಗೋಡೆಗೆ ಬೆಳಕು ಬಿಟ್ಟು ಸರಿ ಮಾಡಬೇಕು. ರೋಡ್‌ಕಿಂಗ್‌ನ ಪಿಸ್ಟನ್ ಎಣ್ಣೆ ಕುಡಿದು ಕೂತಿದೆ, ಇನ್ನೂ ಅಲುಗಿಲ್ಲ. ಸ್ಟ್ಯಾಂಡರ್ಡ್ ಸೈಜಿನ ಪಿಸ್ಟನ್ ರಿಂಗ್ ಸೆಟ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಯೂನಿವರ್ಸಲ್ ಮಾತ್ರ ಬೇಡ.