ಬ್ಯಾಲಾಳುವಿನ ಕಥೆ ಮುಂದೆ ಸಾಗಿದೆ

ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ, ದೂರದ ಗಗನನೌಕೆಗಳೊಡನೆ ಸಂಪರ್ಕವಿಡುವ ಇಸ್ರೋದ 32 ಮೀಟರ್ ಅಗಲದ ಆಂಟೆನಾದ ಸುತ್ತ ಹೆಣೆಯುತ್ತಿರುವ ಸಣ್ಣಕಥೆಯಲ್ಲಿ, ರಾತ್ರಿ ಪಾಳಿಯ ತಂದೆಯೊಬ್ಬ ಮಂಗಳ ಗ್ರಹದಲ್ಲಿರುವ ಮಗಳನ್ನು “ಊಟ ಆಯ್ತಾ ಪುಟ್ಟಿ?” ಎಂದು ಕೇಳುವ ಸಾಲನ್ನು ಇಂದು ಬೆಳಿಗ್ಗೆ ಬರೆದೆ.

ರೇಡಿಯೊ ಸಂಕೇತ ಬೆಳಕಿನ ವೇಗದಲ್ಲೇ ಸಾಗಿದರೂ, ಗ್ರಹಗಳ ಅಂತರಕ್ಕೆ ತಕ್ಕಂತೆ ಅಲ್ಲಿಗೆ ತಲುಪಲು ಸುಮಾರು 3ರಿಂದ 22 ನಿಮಿಷ ಬೇಕು. ತೀರಾ ದೂರವಿದ್ದಾಗ ಉತ್ತರ ಬರುವಷ್ಟರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಕಳೆದಿರುತ್ತದೆ. ಆ ಮುಕ್ಕಾಲು ಗಂಟೆಯೇ ನನ್ನ ಕಥೆ ಎಂಬುದು ಇಂದು ಸ್ಪಷ್ಟವಾಯಿತು.

ರಾಕೆಟ್ಟಿನ ವರ್ಣನೆಯನ್ನೆಲ್ಲ ತೆಗೆದು, ಕಾಯುತ್ತಿರುವ ತಂದೆ ಬುತ್ತಿಯ ಡಬ್ಬಿ ತೆರೆದು, ಚಿತ್ರಾನ್ನವನ್ನು ನೋಡಿ, ತಿನ್ನದೆ ಮುಚ್ಚಿಡುವುದನ್ನಷ್ಟೇ ಉಳಿಸಿಕೊಂಡಿದ್ದೇನೆ. ಹಿಂದಿನ ಯಾವ ಕಥೆಯಲ್ಲೂ ವಿಜ್ಞಾನ ಮತ್ತು ಮನಸ್ಸು ಇಷ್ಟು ಹತ್ತಿರ ಬಂದಿರಲಿಲ್ಲ, ಅದೇ ದೊಡ್ಡ ಸಂತೋಷ.

ಮಗಳ ಉತ್ತರ ಇನ್ನೂ ತೀರ್ಮಾನವಾಗಿಲ್ಲ. ಶನಿವಾರದೊಳಗೆ ಕರಡು ಮುಗಿಸಿ ಗೆಳೆಯರಿಗೆ ಓದಲು ಕಳುಹಿಸುತ್ತೇನೆ.