ಭಾನುವಾರದ ಹೀಟ್ ನಂಬರ್

2024ರ ಆಗಸ್ಟ್ ಮೊದಲ ವಾರ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೂತಿದ್ದೆ. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತು ಅಂದರೆ ಮಾಲೀಕರ ಮಾತೇ ಸರಿಯಾಗಿ ಕೇಳುತ್ತಿರಲಿಲ್ಲ. ನನ್ನ ಮುಂದೆ ಎರಡು ಪುಸ್ತಕ ಇದ್ದವು. ಒಂದು ಹಾಜರಿ ಪುಸ್ತಕ, ಇನ್ನೊಂದು ಹೀಟ್ ಪುಸ್ತಕ.

ಫೌಂಡ್ರಿ ನೋಡದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಕುಲುಮೆಯಲ್ಲಿ ಒಂದು ಸಲ ಕಬ್ಬಿಣ ಕರಗಿಸಿ ಸುರಿದರೆ ಅದೊಂದು ಹೀಟ್. ಪ್ರತಿ ಹೀಟ್‌ಗೂ ಒಂದು ನಂಬರ್. ಕರಗಿದ ಲೋಹದಲ್ಲಿ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಅಂತ ಪರೀಕ್ಷೆ ಮಾಡಿ ಆ ನಂಬರಿನ ಎದುರು ಬರೆಯುತ್ತಾರೆ. ಅದೇ ಗುರುತು ಎರಕದ ಮೇಲೂ ಇರುತ್ತದೆ. ನಾಳೆ ಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದು ಭಾಗ ಮುರಿದರೆ, ಅದು ಯಾವ ದಿನದ ಕಬ್ಬಿಣ ಅಂತ ಹುಡುಕಬಹುದು. ಹಾಗಾಗಿ ಹೀಟ್ ಪುಸ್ತಕದಲ್ಲಿ ಯಾರೂ ಸುಳ್ಳು ಬರೆಯುವುದಿಲ್ಲ.

ಹಾಜರಿ ಪುಸ್ತಕದ ಪ್ರಕಾರ ಜುಲೈ 14 ಮತ್ತು 21, ಎರಡೂ ಭಾನುವಾರ ರಜೆ. ಹೀಟ್ ಪುಸ್ತಕದಲ್ಲಿ ಆ ಎರಡೂ ದಿನ ಕುಲುಮೆ ಉರಿದಿತ್ತು. ರಾತ್ರಿ ಹತ್ತರವರೆಗೂ.

ನಾನು ಹದಿನೇಳು ವರ್ಷದಿಂದ ಒಂದು ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಈಗ ಆರು ವರ್ಷದಿಂದ ನಮಗೆ ಮಾಲು ಕೊಡುವವರ ಜಾಗಗಳಿಗೆ ಹೋಗಿ ನೋಡುವುದೇ ನನ್ನ ಕೆಲಸ. ಕೂಲಿ ಸರಿಯಾಗಿ ಕೊಡುತ್ತಾರಾ, ಪಿಎಫ್ ಕಟ್ಟುತ್ತಾರಾ, ಯಂತ್ರಕ್ಕೆ ಗಾರ್ಡ್ ಇದೆಯಾ, ನೀರು ಎಲ್ಲಿಗೆ ಬಿಡುತ್ತಾರೆ, ಎಲ್ಲಾ. ಆ ದಿನ ನನಗೆ ಸಿಟ್ಟು ಬಂತು. ಓವರ್‌ಟೈಮಿಗೆ ಎರಡರಷ್ಟು ಕೂಲಿ ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದ ಇರುವ ಮಾತು. ಪುಸ್ತಕದಲ್ಲೇ ಇಲ್ಲದ ದಿನಕ್ಕೆ ಎರಡರಷ್ಟು ಎಲ್ಲಿಂದ ಬರಬೇಕು?

ಮಾಲೀಕರು ವಾದ ಮಾಡಲಿಲ್ಲ. ಮೊಬೈಲ್ ತೆಗೆದು ನನ್ನ ಕಡೆ ತಿರುಗಿಸಿದರು. "ಇದನ್ನೊಂದು ಓದಿ ಮೇಡಂ" ಅಂದರು. ನಮ್ಮ ಪ್ಲಾನಿಂಗ್ ವಿಭಾಗದ ಮೆಸೇಜ್. ಜುಲೈ 12, ಶುಕ್ರವಾರ, ಸಂಜೆ 6:40. ಸೋಮವಾರ ಬೆಳಿಗ್ಗೆ ಲಾರಿಗೆ 400 ಪೀಸ್ ಜಾಸ್ತಿ ಬೇಕು, ತಪ್ಪಿದರೆ ಲೈನ್ ನಿಲ್ಲುತ್ತದೆ, ನಿಂತ ಖರ್ಚು ನಿಮ್ಮದೇ. ಮುಂದಿನ ವಾರ ಅಂಥದ್ದೇ ಇನ್ನೊಂದು.

ನನ್ನ ಹತ್ತಿರ ಎಂಬತ್ತು ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ ಒಂದು ಪ್ರಶ್ನೆಯೂ ನಮ್ಮ ಕಂಪನಿಯ ಬಗ್ಗೆ ಇರಲಿಲ್ಲ.

ಪುಸ್ತಕ ಮುಚ್ಚಿ ಒಳಗೆ ಓಡಾಡಿದೆ. ಅಚ್ಚು ಮಾಡುವ ಕಡೆ ಪರವಾಗಿಲ್ಲ. ಆದರೆ ಫೆಟ್ಲಿಂಗ್ ಕಾಣಿಸಲಿಲ್ಲ. ಎರಕ ಆರಿದ ಮೇಲೆ ಅಂಟಿದ ಮರಳು ಬಿಡಿಸಿ, ಹೆಚ್ಚಾದ ಲೋಹ ಕತ್ತರಿಸಿ, ಗ್ರೈಂಡ್ ಮಾಡುವ ಕೆಲಸ ಅದು. ಅದಿಲ್ಲದೆ ಮಾಲು ನಮ್ಮ ಲಾರಿಗೆ ಬರುವುದೇ ಇಲ್ಲ. "ಹೊರಗೆ ಕೊಟ್ಟಿದ್ದೀವಿ" ಅಂದರು. ಒಂದು ಕಿಲೋಮೀಟರ್ ದೂರದಲ್ಲಿ ಒಂದು ಶೆಡ್. ನಮ್ಮ ಯಾವ ಕಾಗದದಲ್ಲೂ ಆ ಶೆಡ್ ಇಲ್ಲ.

ಅಲ್ಲಿ ಎಂಟು ಜನ ಇದ್ದರು. ಮೂಗಿಗೆ ಟವಲ್ ಕಟ್ಟಿಕೊಂಡಿದ್ದರು. ಮಳೆ ಒಳಗೆ ಬರುತ್ತದೆ ಅಂತ ಎಲ್ಲಾ ಕಡೆ ಟಾರ್ಪಾಲಿನ್ ಇಳಿಸಿದ್ದರು. ಧೂಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಒಬ್ಬರು ರಿಪ್ಪನ್‌ಪೇಟೆ ಕಡೆಯವರು, ನಲವತ್ತು ದಾಟಿರಬಹುದು. ನಾನು ತೀರ್ಥಹಳ್ಳಿ ಕಡೆಯವಳು ಅಂತ ಗೊತ್ತಾದ ಮೇಲೆ ಟವಲ್ ಇಳಿಸಿ ಮಾತಾಡಿದರು. ಕೆಮ್ಮು ಇದೆಯಾ ಅಂತ ಕೇಳಿದೆ.

"ಇದೆ ಅಕ್ಕ. ದಿನಾ ಒಂದು ಚೂರು ಬೆಲ್ಲ ತಿಂತೀನಿ. ಧೂಳು ಇಳಿದು ಹೋಗ್ತದೆ."

ಬೆಲ್ಲದಿಂದ ಹೋಗುವ ಧೂಳಲ್ಲ ಅದು. ಗ್ರೈಂಡ್ ಮಾಡುವಾಗ ಆ ಮರಳಿನಿಂದ ಏಳುವ ಸಿಲಿಕಾ ಧೂಳು ಕಣ್ಣಿಗೂ ಕಾಣದಷ್ಟು ಸಣ್ಣದು. ಟವಲ್ ಅದನ್ನು ತಡೆಯುವುದಿಲ್ಲ. ಶ್ವಾಸಕೋಶದೊಳಗೆ ಕೂತು ಗಾಯ ಮಾಡುತ್ತದೆ. ಅದೇ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಧೂಳು ಏಳುವ ಜಾಗದಲ್ಲೇ ಎಳೆದುಕೊಳ್ಳುವ ಹುಡ್ ಹಾಕಬೇಕು, ಸರಿಯಾದ ಮಾಸ್ಕ್ ಕೊಡಬೇಕು, ನೆಲವನ್ನು ಒಣಗಿದ ಪೊರಕೆಯಿಂದ ಗುಡಿಸಬಾರದು. ಇಷ್ಟು ಮಾಡಲು ದುಡ್ಡು ಬೇಕು. ಆ ಶೆಡ್ಡಿಗೆ ಕೆಜಿ ಲೆಕ್ಕದಲ್ಲಿ ಸಿಗುತ್ತಿದ್ದ ರೇಟ್ ಕೇಳಿದ ಮೇಲೆ, ಆ ದುಡ್ಡು ಎಲ್ಲಿಂದಲೂ ಬರುವುದಿಲ್ಲ ಅಂತ ಗೊತ್ತಾಯಿತು.

ಆ ರಾತ್ರಿ ಊರಿಗೆ ಹೋದೆ. ಮಂಡಗದ್ದೆ ದಾರಿಯುದ್ದಕ್ಕೂ ನನಗೆ ಚಿಕ್ಕಂದಿನ ಒಂದು ಸಂಜೆ ನೆನಪಾಗುತ್ತಿತ್ತು. ಅಪ್ಪ ಆ ವರ್ಷ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ ಕೊಟ್ಟಿದ್ದರು. ಫಸಲು, ಕೊಯ್ಲು, ಸುಲಿಯುವುದು ಎಲ್ಲಾ ಚೇಣಿದಾರನದ್ದು. ಅಡಿಕೆ ಸುಲಿದ ನಾಲ್ಕು ಹೆಂಗಸರು ಕೂಲಿ ಸಿಗಲಿಲ್ಲ ಅಂತ ನಮ್ಮ ಅಂಗಳಕ್ಕೆ ಬಂದರು. ಅಪ್ಪ, ನಮಗೇನು ಸಂಬಂಧ, ಅವನನ್ನೇ ಕೇಳಿ ಅಂದರು. ಅಮ್ಮ ಒಳಗಿಂದ ಬಂದು, "ಕಾಯಿ ನಮ್ಮ ಮರದ್ದೇ ಅಲ್ವಾ?" ಅಂತ ಅಷ್ಟೇ ಕೇಳಿದರು. ಅಪ್ಪ ಕೂಲಿ ಕೊಟ್ಟರು. ಆಮೇಲೆ ಚೇಣಿದಾರನ ಲೆಕ್ಕದಲ್ಲಿ ಹಿಡಿದರು.

ಬೆಂಗಳೂರಿಗೆ ವಾಪಸ್ ಬಂದು ವರದಿ ಕೊಟ್ಟೆ. ಮೀಟಿಂಗಿನಲ್ಲಿ ಮೊದಲು ಬಂದ ಸಲಹೆ, ಆ ಫೌಂಡ್ರಿಗೆ ಆರ್ಡರ್ ನಿಲ್ಲಿಸೋಣ ಅಂತ. ಹಾಗೆ ಮಾಡಿದರೆ ನಮ್ಮ ಕಾಗದ ಒಂದೇ ದಿನದಲ್ಲಿ ಚೊಕ್ಕಟವಾಗುತ್ತಿತ್ತು. ಆ ಎಂಟು ಜನ ಕೆಲಸ ಕಳೆದುಕೊಳ್ಳುತ್ತಿದ್ದರು, ಅಥವಾ ಅದೇ ಧೂಳಿನಲ್ಲಿ ಬೇರೆಯವರ ಮಾಲು ಉಜ್ಜುತ್ತಿದ್ದರು. ನಾನು ಒಪ್ಪಲಿಲ್ಲ. ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದ ವಿಷಯ ಹೇಳಿದೆ. 2013ರ ಏಪ್ರಿಲ್ 24. ಸತ್ತವರು 1,134 ಜನ. ಆ ಕಟ್ಟಡದಲ್ಲಿದ್ದ ಗಾರ್ಮೆಂಟ್ ಘಟಕಗಳಿಗೂ ತಪಾಸಣೆ ನಡೆದಿತ್ತು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಜನರನ್ನು ಒಳಗೆ ಕಳಿಸಿದರು. ಆರ್ಡರ್ ಮುಗಿಸಬೇಕು ಅನ್ನುವ ಒತ್ತಡ ಎಲ್ಲಿಂದ ಬರುತ್ತದೆ ಅಂತ ನಮ್ಮ ಮೀಟಿಂಗಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಪೇಮೆಂಟ್ ಪಟ್ಟಿಯನ್ನೂ ತೆಗೆದೆ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾನೂನು ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಬಡ್ಡಿ, ಅದೂ ಚಕ್ರಬಡ್ಡಿ. ಈ ಫೌಂಡ್ರಿಗೆ ನಾವು 70 ದಿನ, ಒಮ್ಮೆ 80 ದಿನ ತೆಗೆದುಕೊಂಡಿದ್ದೆವು. ಬಡ್ಡಿ ಕೊಟ್ಟಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಕೇಳಿದರೆ ಮುಂದಿನ ಆರ್ಡರ್ ಸಿಗುತ್ತದಾ ಅನ್ನುವ ಭಯ.

ಮೂರು ತಿಂಗಳು ಹಿಡಿಯಿತು. ಲಾರಿ ಹೊರಡುವ ಹತ್ತು ದಿನದೊಳಗೆ ಆರ್ಡರ್ ಬದಲಾಯಿಸುವಂತಿಲ್ಲ ಅಂತಾಯಿತು. ನಾನು ಹದಿನೈದು ಕೇಳಿದ್ದೆ. ಹಣ 45 ದಿನದೊಳಗೆ. ಕೆಜಿ ರೇಟಿನಲ್ಲಿ ಫೆಟ್ಲಿಂಗ್ ಖರ್ಚನ್ನು ಬೇರೆಯಾಗಿ ಬರೆಯುವುದು. ಸ್ಕ್ರ್ಯಾಪ್, ಕರೆಂಟ್ ದರ ಇಳಿದಾಗ ರೇಟಿನಲ್ಲಿ ಕಡಿತ ಕೇಳಿದರೂ ಈ ಭಾಗ ಮುಟ್ಟಬಾರದು. ಫೌಂಡ್ರಿ ಕಡೆಯಿಂದ, ಶೆಡ್ಡಿನವರನ್ನು ತಮ್ಮ ಹಾಜರಿಗೆ ಸೇರಿಸಿಕೊಳ್ಳಬೇಕು, ಭಾನುವಾರದ ಬಾಕಿ ಕೂಲಿ ಕೊಡಬೇಕು. ಕೊಟ್ಟರು. ಒಬ್ಬೊಬ್ಬರನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. ಎಲ್ಲರಿಗೂ ಎದೆಯ ಎಕ್ಸ್‌ರೇ ತೆಗೆಸುವ ಖರ್ಚನ್ನು ನಮ್ಮ ಕಂಪನಿ ಕೊಟ್ಟಿತು.

ನವೆಂಬರ್ ಕೊನೆಗೆ ಮತ್ತೆ ಹೋದೆ. ಹುಡ್ ಬಂದಿತ್ತು, ಟಾರ್ಪಾಲಿನ್ ಇರಲಿಲ್ಲ. ಹೀಟ್ ಪುಸ್ತಕ, ಹಾಜರಿ ಪುಸ್ತಕ ಪಕ್ಕಪಕ್ಕ ಇಟ್ಟು ಎರಡು ತಿಂಗಳದ್ದು ತಾಳೆ ನೋಡಿದೆ. ಒಂದು ಭಾನುವಾರ ಕುಲುಮೆ ಉರಿದಿತ್ತು. ಆ ದಿನದ ಹಾಜರಿ ಇತ್ತು, ಎರಡರಷ್ಟು ಕೂಲಿಯೂ ಇತ್ತು.

ಎಕ್ಸ್‌ರೇ ಏಳು ಜನರದ್ದು ಅವರವರ ಕೈಗೆ ಸೇರಿತ್ತು. ರಿಪ್ಪನ್‌ಪೇಟೆಯವರದ್ದು ಮಾತ್ರ ಆಫೀಸಿನಲ್ಲೇ ಉಳಿದಿತ್ತು. ಕಂಪನಿಯ ವೈದ್ಯರು ಮತ್ತೊಮ್ಮೆ ತೋರಿಸಬೇಕು ಅಂತ ಕವರಿನ ಮೇಲೆ ಬರೆದಿದ್ದರು. ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಅಡಿಕೆ ಕೊಯ್ಲಿನ ಸಮಯ, ಅಲ್ಲಿ ಕೂಲಿ ಚೆನ್ನಾಗಿ ಸಿಗುತ್ತದೆ. ಕೊಟ್ಟ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಕವರ್ ಈಗ ನನ್ನ ಬ್ಯಾಗಿನಲ್ಲಿದೆ. ಊರಿನ ಹೆಸರು ಗೊತ್ತು. ಶನಿವಾರ ಬೆಳಿಗ್ಗೆ ಶಿವಮೊಗ್ಗದಿಂದ ಹೊರಡುತ್ತೇನೆ.